ಜುಹೇಬನ ತಪಾಸಣೆ

ಗುರುವಾರ ಹನ್ನೊಂದಕ್ಕೆ ಬರುತ್ತಾರಂತೆ
ದತ್ತು ಸಂಸ್ಥೆಯ ಮೇಡಂ, ಮನೆ ನೋಡಲು.
ಫೋನಿನಲ್ಲಿ ದನಿ ಮೆತ್ತಗಿತ್ತು:
"ಏನೂ ತಯಾರಿ ಬೇಡ, ಇದ್ದ ಹಾಗೇ ಇರಲಿ."
ಹೆಣ್ಣು ನೋಡಲು ಬಂದವರೂ ಹೀಗೇ ಹೇಳಿದ್ದರು.
ಇದ್ದ ಹಾಗೇ ಇದ್ದೆ ಒಮ್ಮೆ; ಅವರು ತಿರುಗಿ ಬರಲಿಲ್ಲ.

ಹಾಗಾಗಿ ಸೋಮವಾರದಿಂದಲೇ ಶುರು.
ಗೋಡೆಯ ಬೂಷ್ಟು ಕೆರೆದದ್ದಾಯ್ತು,
ಫೈಲಿಗೊಂದು ಹಸಿರು ದಾರ.
ಆಧಾರಿನಲ್ಲಿ ಕೆರಿಯಪ್ಪ, ಮದುವೆ ಪತ್ರದಲ್ಲಿ ಕೇರಪ್ಪ.
ಇಬ್ಬರೂ ಒಬ್ಬರೇ ಎಂದು
ಕೋರ್ಟಿನೆದುರಿನ ನೋಟರಿ ಇನ್ನೂರು ತಗೊಂಡು ಬರೆದುಕೊಟ್ಟ.
"ನನಗೂ ಈಗಲೇ ಖಾತ್ರಿಯಾದದ್ದು" ಅಂದರು ಇವರು
ಡಿಪೋದ ಗ್ರೀಸು ಉಗುರಿನಿಂದ ಕೀಳುತ್ತಾ.

ಆದರೆ ಮನೆಗೆ ಯಾರು ಪ್ರಮಾಣ ಪತ್ರ ಕೊಡುತ್ತಾರೆ?
ಗಾಡಿಕೊಪ್ಪದ ಈ ಮಹಡಿ ಮನೆಯಲ್ಲಿ ಹನ್ನೊಂದು ವರ್ಷ,
ಮೂರಡಿಗಿಂತ ಕೆಳಗೆ ಏನಿದೆಯೆಂದು ನಮಗೇ ತಿಳಿಯದು.
ಅದಕ್ಕೇ ಮಂಗಳವಾರ ಸಂಜೆ
ಕೆಳಮನೆಯ ಶಾಹೀನಾಳ ಹತ್ತಿರ
ಜುಹೇಬನನ್ನು ಕಡ ತಂದೆ,
ಒಂದು ಲೋಟ ಸಕ್ಕರೆ ತರುವ ಹಾಗೆ.
"ವಾರ ಬೇಕಾದ್ರೂ ಇಟ್ಕೊಳ್ಳಿ ಅಕ್ಕ" ಅಂದಳು.

ವಯಸ್ಸು ಮೂರೂಕಾಲು.
ಬಾಗಿಲಲ್ಲಿ ಬಿಟ್ಟೆವು, ಏನೂ ಹೇಳಲಿಲ್ಲ.
ಅವನ ಹಿಂದೆ ನಾನು, ನನ್ನ ಹಿಂದೆ ಇವರು,
ಕೈಯಲ್ಲಿ ಡೈರಿ, ಕಿವಿಯ ಮೇಲೆ ಪೆನ್ನು.

ಮೊದಲ ನಿಮಿಷಕ್ಕೇ ಗ್ಯಾಸಿನ ಗುಂಡಿ.
ಬರೆದುಕೊಂಡರು: ಗ್ಯಾಸು.
ಆಮೇಲೆ ಬಾಲ್ಕನಿಯ ಸರಳುಗಳ ನಡುವೆ ತಲೆ.
ಹೋಗುವಾಗ ಸಲೀಸು, ಬರುವಾಗ ಕೊಬ್ಬರಿ ಎಣ್ಣೆ.
ಬರೆದುಕೊಂಡರು: ಜಾಲರಿ, ನಾಳೆಯೇ.
ಫಿನಾಯಿಲು ಬಾಟಲಿಗೆ "ಶರಬತ್ತು" ಅಂದ.
ಹೊಲಿಗೆ ಮಿಷನ್ನಿನ ಕೆಳಗೆ ತೂರಿ
ನಾನು ಕಳೆದುಕೊಂಡಿದ್ದ ಮೂರು ಸೂಜಿ ಹುಡುಕಿಕೊಟ್ಟ.
ಅಕ್ಕಿ ಡಬ್ಬಿಗೆ ಮೊಣಕೈವರೆಗೆ ಕೈಯಿಳಿಸಿ
ಬೀಡಿ ಕಟ್ಟೊಂದನ್ನು ಎತ್ತಿ ಹಿಡಿದ,
ಲಾಟರಿ ಹೊಡೆದವನಂತೆ.
ಪೆನ್ನು ಓಡಲಿಲ್ಲ.
"ಬರೆದುಕೊಳ್ಳಿ" ಅಂದೆ.
ಬರೆದುಕೊಂಡರು, ಬೀಡಿ ಅಂತಲ್ಲ:
ಕೆರಿಯಪ್ಪ.

ಬೀರುವಿನ ಕೆಳಖಾನೆ ಎಳೆದ.
ಮಣಿಪಾಲದ ಎಕ್ಸರೇ ಹಾಳೆಗಳು.
ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು
"ಮೋಡ" ಅಂದ.
ಹೂಂ, ಮೋಡ ಅಂದೆ.
ಇದನ್ನು ಏನೆಂದು ಬರೆಯಲಿ ಅಂತ
ಇವರು ಕೇಳಲಿಲ್ಲ.

ಆಮೇಲೆ ಮಂಚದ ಕೆಳಗೆ ಹೋದವ ಹೊರಗೆ ಬರಲೇ ಇಲ್ಲ.
ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆವು:
ಇವರ ಒಂಟಿ ಚಪ್ಪಲಿ ತಬ್ಬಿಕೊಂಡು ನಿದ್ದೆ.
ಎಬ್ಬಿಸಲು ಮನಸ್ಸಾಗದೆ ಅಲ್ಲೇ ಮಲಗಿದೆವು,
ಅವನ ಆಚೆಗೊಬ್ಬರು, ಈಚೆಗೊಬ್ಬರು.
ಮಂಚದ ಹಲಗೆಯ ಅಡಿಗೆ
ಬಡಗಿ ಪೆನ್ಸಿಲಿನಲ್ಲಿ ಗೀಚಿದ್ದ ಲೆಕ್ಕ ಇನ್ನೂ ಇತ್ತು,
ಎಲ್ಲೋ ಕೂಡುವಲ್ಲಿ ತಪ್ಪಿದ್ದ.
ಮನೆ ಇಷ್ಟು ದೊಡ್ಡದೆಂದು
ಬಾಡಿಗೆ ಕೊಡುವಾಗ ಒಮ್ಮೆಯೂ ಅನಿಸಿರಲಿಲ್ಲ.

ಬುಧವಾರ ರಾತ್ರಿ ನಾನು ಮೇಡಂ ಆದೆ.
"ಮಗು ಯಾಕೆ ಬೇಕು, ಹೇಳಿ."
"ಮುಪ್ಪಿಗೆ ಆಸರೆ..." "ಬೇಡ."
"ಮನೆತನದ ಹೆಸರು..." "ಯಾವ ಹೆಸರು, ಕೆರಿಯಪ್ಪನೋ ಕೇರಪ್ಪನೋ?"
ನಕ್ಕರು. ಬಹಳ ಹೊತ್ತು ಫ್ಯಾನು ನೋಡಿದರು.
"ದಿನಕ್ಕೆ ಆರು ಬಸ್ಸು ರಿಪೇರಿ ಮಾಡಿ ಕಳಿಸ್ತೀನಿ.
ಯಾವುದೂ ಬಂದು ಹೇಳಲ್ಲ, ದಾರೀಲಿ ಏನೇನು ಕಂಡೆ ಅಂತ.
ಒಬ್ಬರು ಹೇಳಬೇಕು. ಸುಳ್ಳಾದರೂ ಪರವಾಗಿಲ್ಲ."
ಮೇಡಂ ದೀಪ ಆರಿಸಿದಳು.
ಮುಖ ಕಾಣದಿರಲಿ ಅಂತ.

ಗುರುವಾರ. ಹತ್ತೂ ಮುಕ್ಕಾಲು.
ಗಾಂಧಿ ಬಜಾರಿನ ಜಾಲರಿ ಬಾಲ್ಕನಿಯಲ್ಲಿ ಹೊಳೆಯುತ್ತಿದೆ,
ಫಿನಾಯಿಲು ಅಟ್ಟ ಹತ್ತಿದೆ.
ಬೀಡಿಯ ಮಾತು ಬೇಡ, ಎರಡು ದಿನವಾಯ್ತು ಅಷ್ಟೆ.
ಬಾಗಿಲು ಬಡಿದ ಸದ್ದು,
ಚಿಲಕಕ್ಕಿಂತ ಎಷ್ಟೋ ಕೆಳಗಿನಿಂದ.

ತೆರೆದರೆ ಜುಹೇಬ.
ಅವನ ಬೆನ್ನಿಗೆ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೇಡಂ.
"ಇವನೇ ಮನೆ ತೋರಿಸಿದ" ಅಂದರು.
ನಾನು ಬನ್ನಿ ಅನ್ನುವ ಮೊದಲೇ
ಅವನು ನೆಟ್ಟಗೆ ಗ್ಯಾಸಿನ ಕಡೆ ಹೊರಟ,
ಹಿಂದೆ ಮೇಡಂ, ಅವರ ಹಿಂದೆ ನಾನು,
ಎಲ್ಲರ ಹಿಂದೆ ಇವರು, ಬರಿಗೈಯಲ್ಲಿ.
ಈಗ ಡೈರಿ ಮೇಡಂ ಕೈಯಲ್ಲಿತ್ತು.